ವೈ ಆಕ್ಸಿಸ್ ಮೋಟಾರ್ ಗರ್ ಅಂತ ನಡುಗುತ್ತದೆ, ತಿರುಗುತ್ತಿಲ್ಲ

ಶಿರಸಿ ಬಡಗಿ:
ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಮರಗೆಲಸದ ಶೆಡ್ ಇದೆ. ಬಾಗಿಲಿನ ಕೆತ್ತನೆಗೆ ಅಂತ ಚಿಕ್ಕ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಿಷನ್) ಇಟ್ಟುಕೊಂಡಿದ್ದೇವೆ. ಎಕ್ಸ್, ವೈ, ಝಡ್ ಮೂರೂ ಆಕ್ಸಿಸ್‌ಗೆ (ಓಡಾಡುವ ದಿಕ್ಕಿಗೆ) ನೆಮಾ 23 ಅಳತೆಯ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್), ಅದನ್ನು ಓಡಿಸುವ ಡಿಎಂ542 ಡ್ರೈವರ್, 36 ವೋಲ್ಟ್ ಸಪ್ಲೈ. ಎರಡು ವರ್ಷ ಏನೂ ತಕರಾರು ಇರಲಿಲ್ಲ. ಈ ಮಳೆಗಾಲ ಶುರುವಾದ ಮೇಲೆ ವೈ ಮೋಟಾರ್ ಕೈಕೊಟ್ಟಿದೆ. ಜಾಗ್ (ಆಕ್ಸಿಸ್ ಓಡಿಸಿ ನೋಡುವ ಬಟನ್) ಒತ್ತಿದರೆ ಗರ್ ಅಂತ ನಡುಗುತ್ತದೆ, ತಿರುಗುವುದಿಲ್ಲ. ಒಂದೊಂದು ಸಲ ಉಲ್ಟಾ ತಿರುಗುತ್ತದೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ. ನಿನ್ನೆ ಹಲಸಿನ ಹಲಗೆ ಮೇಲೆ ಬಳ್ಳಿ ಕೆತ್ತುವಾಗ ಸ್ಟೆಪ್ ಬಿಟ್ಟು, ಬಳ್ಳಿ ಅರ್ಧದಿಂದ 4 ಮಿಮೀ ಪಕ್ಕಕ್ಕೆ ಹೋಗಿದೆ. ಮೋಟಾರೇ ಸುಟ್ಟಿದೆ ಅಂದುಕೊಂಡು ಹುಬ್ಬಳ್ಳಿಯಿಂದ ಹೊಸದು ತರಿಸಿ ಹಾಕಿದೆ. ಅದೂ ಹಾಗೇ ಮಾಡುತ್ತಿದೆ! ಈಗ ಡ್ರೈವರ್ ತರಿಸಬೇಕಾ?

ಕುಮಟಾ ಲೇತ್:
ಸದ್ಯಕ್ಕೆ ಏನನ್ನೂ ತರಿಸಬೇಡಿ ಮಾರಾಯ್ರೆ. ಸ್ಟೆಪ್ಪರ್ ಮೋಟಾರಿನಲ್ಲಿ ಬ್ರಷ್ ಇಲ್ಲ, ಸವೆಯೋಕೆ ಎರಡು ಬೇರಿಂಗ್ ಬಿಟ್ಟರೆ ಏನಿಲ್ಲ, ಅದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನಡುಗುತ್ತದೆ, ದಿಕ್ಕು ತಪ್ಪುತ್ತದೆ ಅಂದರೆ ಮೋಟಾರ್ ಒಳಗಿನ ಎರಡು ಕಾಯಿಲ್‌ನಲ್ಲಿ (ತಂತಿ ಸುರುಳಿಯಲ್ಲಿ) ಒಂದಕ್ಕೆ ಕರೆಂಟ್ ಹೋಗುತ್ತಿಲ್ಲ ಅಂತಲೇ ಮೊದಲು ಅನುಮಾನ ಪಡಬೇಕು. ಒಂದೇ ಕಾಯಿಲ್ ಇದ್ದರೆ ಯಾವ ಕಡೆ ತಿರುಗಬೇಕು ಅಂತ ಅದಕ್ಕೇ ಗೊತ್ತಾಗಲ್ಲ.

ಹೀಗೆ ಮಾಡಿ. ಮೇನ್ ಆಫ್ ಮಾಡಿ, ಡ್ರೈವರ್ ಲೈಟ್ ಪೂರ್ತಿ ಆರುವವರೆಗೆ ಕಾಯಿರಿ. ಡ್ರೈವರ್ ಹತ್ತಿರ ಎಕ್ಸ್ ಮತ್ತು ವೈ ಮೋಟಾರಿನ ಹಸಿರು ಪ್ಲಗ್ ಅದಲು ಬದಲು ಮಾಡಿ. ಈಗ ಎಕ್ಸ್ ಜಾಗ್ ಒತ್ತಿದರೆ ವೈ ಮೋಟಾರ್ ಓಡಬೇಕು. ಚೆನ್ನಾಗಿ ಓಡಿದರೆ ನಿಮ್ಮ ವೈ ಡ್ರೈವರ್ ಅಥವಾ ಅದಕ್ಕೆ ಬರುವ ಸಿಗ್ನಲ್ ಕೆಟ್ಟಿದೆ. ಆಗಲೂ ನಡುಗಿದರೆ ತಪ್ಪು ಡ್ರೈವರಿನದಲ್ಲ, ಅದರ ಆಚೆಗಿನದು. ನಿಧಾನಕ್ಕೆ ಜಾಗ್ ಮಾಡಿ. ಕರೆಂಟ್ ಇರುವಾಗ ಮಾತ್ರ ಪ್ಲಗ್ ಕೀಳಬೇಡಿ, ಡ್ರೈವರ್ ಅಲ್ಲೇ ಹೋಗುತ್ತದೆ. ನಾನೇ ಹಾಗೆ ಒಂದನ್ನು ಕಳೆದುಕೊಂಡವನು.

ಶಿರಸಿ ಬಡಗಿ:
ಮಾಡಿದೆ. ಎಕ್ಸ್ ಡ್ರೈವರಿಗೆ ಹಾಕಿದರೂ ವೈ ನಡುಗುತ್ತಿದೆ. ಡ್ರೈವರಿನ ಕರೆಂಟ್ ಸ್ವಿಚ್ ಒಂದು ಮೆಟ್ಟಿಲು ಏರಿಸಿ ನೋಡಿದೆ, ಮೋಟಾರ್ ಜಾಸ್ತಿ ಬಿಸಿಯಾಯಿತು ಅಷ್ಟೇ. ಇನ್ನೊಂದು ಹೇಳೋದು ಮರೆತಿದ್ದೆ, ಗ್ಯಾಂಟ್ರಿ (ಕೆತ್ತುವ ತಲೆ ಹೊತ್ತು ಓಡಾಡುವ ಅಡ್ಡ ಚೌಕಟ್ಟು) ಹಿಂದೆ ಗೋಡೆ ಕಡೆ ಇದ್ದಾಗ ಈ ಕಾಟ ಕಡಿಮೆ, ಮುಂದೆ ಬಂದಾಗಲೇ ಜಾಸ್ತಿ.

ಕುಮಟಾ ಲೇತ್:
ಅಯ್ಯೋ, ಇದನ್ನೇ ಮೊದಲು ಹೇಳಬೇಕಿತ್ತಲ್ವಾ! ವೈ ಮೋಟಾರ್ ಗ್ಯಾಂಟ್ರಿ ಮೇಲೆ ಕೂತಿದೆ, ಅದರ ಕೇಬಲ್ ಡ್ರ್ಯಾಗ್ ಚೈನ್ (ಕೇಬಲ್ ಹೊತ್ತು ಮಡಚುವ ಸರಪಳಿ) ಒಳಗೆ ದಿನಕ್ಕೆ ನೂರಾರು ಸಲ ಮಡಚಿ ಬಿಚ್ಚುತ್ತದೆ. ಒಳಗೆ ತಂತಿ ತುಂಡಾಗಿರುತ್ತದೆ, ಮೇಲಿನ ಸಿಪ್ಪೆ ಮಾತ್ರ ಸರಿ ಇರುತ್ತದೆ. ಮೇನ್ ಆಫ್ ಮಾಡಿ ಪ್ಲಗ್ ಕಿತ್ತು, ಒಂದು ಕಾಯಿಲ್‌ನ ಎರಡು ತುದಿ, ಅಂದರೆ ಎ ಪ್ಲಸ್ ಮತ್ತು ಎ ಮೈನಸ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಆಮೇಲೆ ಇನ್ನೊಂದು ಕಾಯಿಲ್‌ನ ಬಿ ಜೋಡಿಗೆ. ಎರಡೂ ಒಂದೇ ಥರ, ಒಂದೆರಡು ಓಮ್ ತೋರಿಸಬೇಕು. ಮೀಟರ್ ಹಾಗೇ ಹಿಡಿದುಕೊಂಡು ಇನ್ನೊಬ್ಬರಿಗೆ ಗ್ಯಾಂಟ್ರಿ ಕೈಯಲ್ಲೇ ನಿಧಾನವಾಗಿ ತಳ್ಳೋಕೆ ಹೇಳಿ. ಕರೆಂಟ್ ಸ್ವಿಚ್ ಮೊದಲಿದ್ದ ಜಾಗಕ್ಕೇ ಹಾಕಿ.

ಕಾರವಾರ ಫಿಟ್ಟರ್:
ಮೇಲಿನವರು ಹೇಳಿದ್ದು ಸರಿ, ಆದರೆ ಸ್ಕ್ರೂ ಟರ್ಮಿನಲ್ ಕೂಡ ಬಿಚ್ಚಿ ನೋಡಿ. ನಮ್ಮಲ್ಲಿ ಸಮುದ್ರದ ಉಪ್ಪುಗಾಳಿ, ಒಂದು ಮಳೆಗಾಲ ಕಳೆದರೆ ತಾಮ್ರದ ಎಳೆ ಹಸಿರು ಹಿಡಿದು ಪುಡಿಯಾಗುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲದಿದ್ದರೂ ತೇವ ಬಿಡಲ್ಲ. ತುದಿಗೆ ಬೆಸುಗೆ ಹಚ್ಚಿ ಸ್ಕ್ರೂ ಬಿಗಿ ಮಾಡಬೇಡಿ. ಬೆಸುಗೆಯ ಲೋಹ ಮೆತ್ತಗೆ, ದಿನ ಕಳೆದಂತೆ ಸ್ಕ್ರೂ ಸಡಿಲ ಆಗುತ್ತದೆ. ಫೆರೂಲ್ (ತಂತಿ ತುದಿಗೆ ಹಾಕುವ ಚಿಕ್ಕ ಲೋಹದ ಕೊಳವೆ) ಒತ್ತಿ ಹಾಕಿ.

ಶಿರಸಿ ಬಡಗಿ:
ಸಿಕ್ಕಿತು! ಎ ಜೋಡಿ 1.4 ಓಮ್, ಗ್ಯಾಂಟ್ರಿ ಎಲ್ಲಿದ್ದರೂ ಅಲುಗಾಡಲಿಲ್ಲ. ಬಿ ಜೋಡಿ ಹಿಂದೆ ಇದ್ದಾಗ 1.4, ನಡುವಿಗೆ ಬಂದಾಗ 9, ಇನ್ನೊಂದು ಗೇಣು ಎಳೆದರೆ ಮೀಟರ್ ಸೀದಾ ಓಪನ್, ಅಂದರೆ ಸಂಪರ್ಕವೇ ಇಲ್ಲ. ಚೈನ್ ಬಿಚ್ಚಿ ಕೇಬಲ್ ಹೊರಗೆ ತೆಗೆದು ಬೆರಳಲ್ಲಿ ಒತ್ತುತ್ತಾ ಹೋದರೆ ಒಂದು ಕಡೆ ಮೆತ್ತಗೆ ಸಿಕ್ಕಿತು. ಸಿಪ್ಪೆ ಸೀಳಿದೆ, ನೀಲಿ ವೈರ್ ಒಳಗೆ ಎಳೆಗಳೆಲ್ಲ ತುಂಡು, ತುದಿ ಕಪ್ಪಾಗಿದೆ. ಮಿಷನ್ ಜೊತೆ ಬಂದಿದ್ದು ಮನೆ ವೈರಿಂಗ್ ಥರದ ಬಿರುಸು ಕೇಬಲ್. ಹೊಸ ಮೋಟಾರಿನ ದುಡ್ಡು ಸುಮ್ನೆ ದಂಡ.

ಕಾರವಾರ ಫಿಟ್ಟರ್:
ಅದನ್ನು ಜೋಡಿಸಿ ಟೇಪ್ ಸುತ್ತೋಕೆ ಹೋಗಬೇಡಿ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಡ್ರ್ಯಾಗ್ ಚೈನ್‌ಗೆ ಅಂತಲೇ ಬರುವ ಸಣ್ಣ ಎಳೆಯ 4 ಕೋರ್ (ನಾಲ್ಕು ವೈರಿನ) ಶೀಲ್ಡೆಡ್ (ಲೋಹದ ಹೊದಿಕೆ ಇರುವ) ಕೇಬಲ್, 0.75 ಚದರ ಮಿಮೀ ತನ್ನಿ. ಚೈನ್ ಒಳಗೆ ಬಿಗಿಯಾಗಿ ತುರುಕಬೇಡಿ, ಎರಡು ತುದಿಯಲ್ಲಿ ಮಾತ್ರ ಟೈ ಹಾಕಿ. ಶೀಲ್ಡ್ ಕಂಟ್ರೋಲ್ ಬಾಕ್ಸ್ ಕಡೆ ಮಾತ್ರ ಅರ್ಥ್ ಮಾಡಿ. ಝಡ್ ಮೋಟಾರಿನ ಕೇಬಲ್ಲೂ ಅದೇ ಚೈನಿನಲ್ಲಿ ಬರುತ್ತದೆ ಅಲ್ವಾ, ಅದನ್ನೂ ಈಗಲೇ ಬದಲಾಯಿಸಿ.

ಶಿರಸಿ ಬಡಗಿ:
ಎರಡೂ ತರಿಸುತ್ತೇನೆ. ಆ ಹಲಸಿನ ಹಲಗೆ ಬಿಸಾಡೋಕೆ ಮನಸ್ಸಿಲ್ಲ. ಬಳ್ಳಿ ತಪ್ಪಿದ ಜಾಗದಲ್ಲಿ ಅಪ್ಪ ಉಳಿ ಹಿಡಿದು ಒಂದು ಎಲೆ ಕೆತ್ತುತ್ತಾ ಕೂತಿದ್ದಾರೆ.