ಎತ್ತಿದ ಹೆಬ್ಬೆರಳು, ಮುಳುಗದ ಮಂದಿ

“ಈ ಪ್ರವಾಸ ರದ್ದಾಗಿದೆ” ಎಂದು ಹೇಳಿ ಅಚ್ಯುತ ತನ್ನ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. “ರದ್ದು ಮಾಡಿದವರು ಬೇರೆ ಯಾರೂ ಅಲ್ಲ, ನೀವು ನಾಲ್ವರೇ.”

ವಿಶ್ವ ಹೌಹಾರಿದ. ಮಾಲ್ಡೀವ್ಸ್‌ಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನಲ್ಲಿ ಮುಳುಗುವ ಸ್ಕೂಬಾ ಡೈವಿಂಗ್ ಮಾಡುವುದಕ್ಕೆಂದು ಅವನು ಸಿದ್ಧಪಡಿಸಿದ್ದ ಎಕ್ಸೆಲ್ ಕಡತದಲ್ಲಿ ಹದಿನಾಲ್ಕು ಹಾಳೆಗಳಿದ್ದವು. ಒಂದೊಂದು ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿದಾಗಲೂ ಎಲ್ಲರೂ ಹೆಬ್ಬೆರಳೆತ್ತಿದ ಚಿತ್ರವನ್ನು ಕಳುಹಿಸಿ ಒಪ್ಪಿಗೆ ಕೊಟ್ಟಿದ್ದರು. “ಯಾರೊಬ್ಬರೂ ಒಂದೇ ಒಂದು ಆಕ್ಷೇಪವನ್ನು ಎತ್ತಿಲ್ಲವಲ್ಲ!” ಎಂದ.

“ಆಕ್ಷೇಪ ಎತ್ತಿಲ್ಲ, ಹೆಬ್ಬೆರಳು ಎತ್ತಿದ್ದಾರೆ. ನೀರಿನೊಳಗೆ ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ‘ಸರಿ’ ಎಂಬ ಅರ್ಥ ಬರುವುದಿಲ್ಲ. ‘ಮುಳುಗಿದ್ದು ಸಾಕು, ಇನ್ನು ಮೇಲೆ ಹೋಗೋಣ’ ಎಂಬ ಅರ್ಥ ಬರುತ್ತದೆ. ‘ಸರಿ’ ಎನ್ನಬೇಕಾದರೆ ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿಯನ್ನು ಮುಟ್ಟಿಸಿ ಉಂಗುರ ಮಾಡಿ ತೋರಿಸಬೇಕು. ಒಬ್ಬ ಹೆಬ್ಬೆರಳೆತ್ತಿದನೆಂದರೆ ಜೊತೆಗಿರುವವರು ಕಾರಣ ಕೇಳದೆ, ವಾದ ಹೂಡದೆ ಅವನೊಂದಿಗೆ ಮೇಲೆ ಬರಬೇಕು. ಇದು ಡೈವರುಗಳಿಗೆ ಮೊದಲ ದಿನವೇ ಕಲಿಸುವ ಶಿಸ್ತು. ಕಳೆದ ಒಂದು ತಿಂಗಳಿನಲ್ಲಿ ನೀವು ಎತ್ತಿದ ಹೆಬ್ಬೆರಳುಗಳನ್ನು ಎಣಿಸಿದ್ದೇನೆ, ಒಟ್ಟು 112. ದೋಣಿಗೆ ಕಾಲಿಡುವ ಮೊದಲೇ ನಾವು 112 ಸಲ ಮೇಲೆ ಬಂದಾಗಿದೆ.”

“ಅದು ಸಮುದ್ರದ ಭಾಷೆ. ನಾವಿನ್ನೂ ನೆಲದ ಮೇಲಿದ್ದೇವೆ” ಎಂದು ರಘು ವಾದಿಸಿದ. “ನೆಲದ ಮೇಲೆ ಹೆಬ್ಬೆರಳು ಎಂದರೆ ಒಪ್ಪಿಗೆಯೇ.”

“ನೆಲದ ಮೇಲಾದರೂ ಅದು ಒಪ್ಪಿಗೆಯಲ್ಲ, ಓದದೆ ಬಿಟ್ಟಿದ್ದಕ್ಕೆ ಕೊಟ್ಟ ರಸೀತಿ. ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಒತ್ತುವ ಮೊದಲು ಕಾಗದದಲ್ಲಿ ಏನಿದೆಯೆಂದು ಯಾರನ್ನಾದರೂ ಕೇಳಿ ತಿಳಿದುಕೊಳ್ಳುವಷ್ಟು ಎಚ್ಚರ ಅವರಿಗಿತ್ತು. ಈಗ ಅಕ್ಷರ ಬಲ್ಲವರೇ ಓದುವ ಕಷ್ಟ ಬೇಡವೆಂದು ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಏಕಲವ್ಯ ಜೀವಮಾನದಲ್ಲಿ ಒಂದೇ ಸಲ ಹೆಬ್ಬೆರಳು ಕೊಟ್ಟ, ಅದರ ಬೆಲೆ ಏನೆಂದು ತಿಳಿದೇ ಕೊಟ್ಟ. ರಘು ದಿನಕ್ಕೆ ನಲವತ್ತು ಕೊಡುತ್ತಾನೆ.”

ಸುಬ್ಬಣ್ಣ ನಕ್ಕರು. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತುವವರು ಅವರೇ ಆಗಿದ್ದರಿಂದ ಆ ನಗೆಯಲ್ಲಿ ಸ್ವಲ್ಪ ಸಂಕೋಚವೂ ಇತ್ತು.

“ನನಗೆ ನಿಜವಾದ ಭಯ ಬೇರೆಯೇ ಇದೆ” ಎಂದಳು ವತ್ಸಲಾ. “ಉಸಿರಾಡುವುದಕ್ಕೆ ಬಾಯಿಗೆ ರೆಗ್ಯುಲೇಟರ್ ಕಚ್ಚಿಕೊಂಡ ಮೇಲೆ ಮುಕ್ಕಾಲು ಗಂಟೆ ನಮ್ಮಲ್ಲಿ ಯಾರೂ ಮಾತನಾಡುವಂತಿಲ್ಲ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚಿನ ನಮ್ಮ ಸ್ನೇಹಕ್ಕೆ ಅಂಥ ಪರೀಕ್ಷೆ ಎಂದೂ ಬಂದಿಲ್ಲ.”

“ಮಾತಿಲ್ಲದಿದ್ದರೆ ಕೆಲಸ ಆಗುತ್ತದೆ ಎಂಬುದಕ್ಕೆ ಮಾಲ್ಡೀವ್ಸ್‌ನಲ್ಲೇ ಸಾಕ್ಷಿಯಿದೆ” ಎಂದ ಅಚ್ಯುತ. “2009ರ ಅಕ್ಟೋಬರ್ 17ರಂದು ಅಲ್ಲಿನ ಅಧ್ಯಕ್ಷ ಮೊಹಮ್ಮದ್ ನಶೀದ್ ತಮ್ಮ ಮಂತ್ರಿಗಳಿಗೆ ಸಿಲಿಂಡರ್ ಕಟ್ಟಿಸಿ, ಸಮುದ್ರದ ತಳದಲ್ಲಿ ಮೇಜು ಹಾಕಿಸಿ ಸಚಿವ ಸಂಪುಟದ ಸಭೆ ನಡೆಸಿದರು. ನೆಲಮಟ್ಟ ಅಲ್ಲಿ ಎಷ್ಟು ತಗ್ಗೆಂದರೆ, 1,192 ದ್ವೀಪಗಳಲ್ಲಿ ಅತಿ ಎತ್ತರದ ಸಹಜ ನೆಲವೂ ಎರಡೂವರೆ ಮೀಟರಿನಷ್ಟೇ ಇದೆ. ಕಡಲು ಏರಿದರೆ ನಮ್ಮ ಗತಿ ಹೀಗಾಗುತ್ತದೆ ಎಂದು ಜಗತ್ತಿಗೆ ತೋರಿಸುವುದಕ್ಕೆ ಅವರು ಹಾಗೆ ಮಾಡಿದರು. ಕೈಸನ್ನೆಯಲ್ಲೇ ಚರ್ಚೆ ನಡೆಯಿತು, ಇಂಗಾಲದ ಹೊಗೆಯನ್ನು ಕಡಿಮೆ ಮಾಡಿರೆಂಬ ಮನವಿಗೆ ಎಲ್ಲರೂ ಸಹಿ ಹಾಕಿದರು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಯಾರೂ ಭಾಷಣ ಮಾಡಲಿಲ್ಲ, ಯಾರೂ ಸಭಾತ್ಯಾಗ ಮಾಡಲಿಲ್ಲ. ಸಿಲಿಂಡರಿನಲ್ಲಿರುವ ಗಾಳಿ ಮುಗಿಯುತ್ತದೆ ಎಂಬ ಅರಿವು ಇದ್ದರೆ ಮನುಷ್ಯ ಎಷ್ಟು ಬೇಗ ತೀರ್ಮಾನಕ್ಕೆ ಬರುತ್ತಾನೆ ನೋಡಿ. ನಮ್ಮ ಸಭೆಗಳಿಗೆ ಇರುವ ದೊಡ್ಡ ಕೊರತೆಯೆಂದರೆ ಗಾಳಿ ಧಾರಾಳವಾಗಿರುವುದು.”

ವಿಶ್ವ ಇದನ್ನು ಟೀಕೆಯೆಂದು ತೆಗೆದುಕೊಳ್ಳದೆ ತನ್ನ ಒಂಬತ್ತನೆಯ ಹಾಳೆಯನ್ನು ತೆರೆದ. ಕೊನೆಯ ದಿನ ಬೆಳಿಗ್ಗೆ ಎರಡು ಡೈವ್, ಮಧ್ಯಾಹ್ನ ವಿಮಾನ ಎಂದು ಅದರಲ್ಲಿ ಹಸಿರು ಬಣ್ಣದಲ್ಲಿ ಬರೆದಿತ್ತು. ವತ್ಸಲಾ ತಲೆಯ ಮೇಲೆ ಕೈ ಇಟ್ಟುಕೊಂಡಳು.

“ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ವಿಶ್ವ. ಆಳದ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೇ ಗುಳ್ಳೆಯೇಳುತ್ತದೆ, ಕೀಲುಗಳಲ್ಲಿ ನೋವು ಹಿಡಿಯುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಮೇಲೆ ಬರುವ ಪದ್ಧತಿ ಇರುವುದೂ ಅದಕ್ಕಾಗಿಯೇ. ವಿಮಾನದೊಳಗೆ ಗಾಳಿಯ ಒತ್ತಡ ಇನ್ನೂ ಕಡಿಮೆ.”

“ಇದನ್ನೆಲ್ಲ ಕಂಡುಹಿಡಿದವರು ಯಾರು?” ಎಂದು ರಘು ಕೇಳಿದ.

“ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳನ್ನು ಒತ್ತಡದ ಕೋಣೆಯಲ್ಲಿ ಕೂಡಿಹಾಕಿ ಪರೀಕ್ಷಿಸಿದ. ಮೇಲೆ ಬರುವುದಕ್ಕೆ ಎಷ್ಟೆಷ್ಟು ಹೊತ್ತು ಬೇಕೆಂಬ ಅವನ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು” ಎಂದಳು ವತ್ಸಲಾ.

“ಅಷ್ಟು ತಡವಾಗಿ ಬಂದದ್ದರಿಂದ ದುರ್ಯೋಧನನಿಗೆ ಪ್ರಯೋಜನವಾಗಲಿಲ್ಲ” ಎಂದ ಅಚ್ಯುತ. “ಸಿಲಿಂಡರಿನ ಹಂಗಿಲ್ಲದೆ ವೈಶಂಪಾಯನ ಸರೋವರದ ತಳದಲ್ಲಿ ಎಷ್ಟೋ ಹೊತ್ತು ನೆಮ್ಮದಿಯಾಗಿ ಮಲಗಿದ್ದವನು, ದಡದಲ್ಲಿ ನಿಂತು ಭೀಮ ಮೂದಲಿಸಿದನೆಂದು ಒಂದೇ ಉಸಿರಿಗೆ ಮೇಲೆದ್ದು ಬಂದ. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ವ್ಯವಧಾನ ಅವನಿಗೆಲ್ಲಿತ್ತು? ಅವನ ತೊಡೆಗೆ ಆದ ಗತಿಯಲ್ಲಿ ಗದೆಯ ಪಾಲೆಷ್ಟು, ಸಾರಜನಕದ ಪಾಲೆಷ್ಟು ಎಂಬುದನ್ನು ಯಾವ ಪಂಡಿತರೂ ವಿಚಾರ ಮಾಡಿಲ್ಲ.”

ವಿಶ್ವ ಒಂಬತ್ತನೆಯ ಹಾಳೆಯ ಹಸಿರನ್ನು ಕೆಂಪು ಮಾಡಿ, ಹತ್ತನೆಯದಕ್ಕೆ ಹೋದ. ಅದು ಜೋಡಿಗಳ ಪಟ್ಟಿ. “ನೀರಿನೊಳಗೆ ಒಬ್ಬೊಬ್ಬರಿಗೂ ಒಬ್ಬೊಬ್ಬ ಬಡ್ಡಿ ಇರಲೇಬೇಕು” ಎಂದು ವಿವರಿಸತೊಡಗಿದ.

“ಅಸಲೇ ಇನ್ನೂ ಹೊರಟಿಲ್ಲ, ಆಗಲೇ ಬಡ್ಡಿಯ ಲೆಕ್ಕವೇ?”

“ತಮಾಷೆ ಬೇಡ ಅಚ್ಯುತ. ಬಡ್ಡಿ ಎಂದರೆ ಜೊತೆಗಾರ. ನಿನ್ನ ಗಾಳಿ ಮುಗಿದರೆ ಅವನು ತನ್ನ ಸಿಲಿಂಡರಿನಿಂದ ಕೊಡುತ್ತಾನೆ. ಅದಕ್ಕೆಂದೇ ಪ್ರತಿಯೊಬ್ಬರ ಬಳಿಯೂ ಎರಡನೆಯ ರೆಗ್ಯುಲೇಟರ್ ಇರುತ್ತದೆ.”

“ಹಾಗಾದರೆ ನನಗೆ ರಘು ಬೇಡ. ಅವನ ಫೋನಿನ ಚಾರ್ಜರನ್ನೇ ಅವನು ಯಾರಿಗೂ ಕೊಟ್ಟದ್ದಿಲ್ಲ.”

ರಘುವಿಗೆ ಈ ಮಾತು ಕೇಳಿಸಲಿಲ್ಲ. ನೀರಿನೊಳಗೆ ಎದ್ದು ಕಾಣಲೆಂದು ಆರಿಸಿದ್ದ ಕೆಂಪು ವೆಟ್‌ಸೂಟಿನ ಚಿತ್ರವನ್ನು ಅವನು ಸುಬ್ಬಣ್ಣನವರಿಗೆ ತೋರಿಸುತ್ತಿದ್ದ. ಸೂರ್ಯನ ಬೆಳಕಿನಲ್ಲಿ ನೀರು ಮೊದಲು ಹೀರಿಕೊಳ್ಳುವುದೇ ಕೆಂಪು ಬಣ್ಣವನ್ನು, ಹದಿನೈದು ಮೀಟರ್ ಕೆಳಗೆ ಅವನು ಮಸಿ ಬಟ್ಟೆಯಂತೆ ಕಾಣುತ್ತಾನೆ ಎಂದು ವತ್ಸಲಾ ತಿಳಿಸಿದಾಗ ಅವನ ಉತ್ಸಾಹ ತುಸು ಇಳಿಯಿತು. ಮಾಸ್ಕಿನ ಗಾಜು ಮಂಜಾಗದಿರಲು ಅದಕ್ಕೆ ಉಗುಳಿ ಒರೆಸಿಕೊಳ್ಳಬೇಕೆಂದು ತಿಳಿದಾಗ ಇನ್ನಷ್ಟು ಇಳಿಯಿತು.

“ಐವರೆಂದರೆ ಬೆಸ ಸಂಖ್ಯೆ” ಎಂದು ವಿಶ್ವ ತಲೆ ಕೆರೆದುಕೊಂಡ. “ಒಬ್ಬರು ಉಳಿದುಬಿಡುತ್ತಾರೆ.”

“ನಾನು ದೋಣಿಯಲ್ಲಿ ಇರುತ್ತೇನೆ ಬಿಡಪ್ಪ, ನಿಮ್ಮ ಚಪ್ಪಲಿಗಳನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ” ಎಂದರು ಸುಬ್ಬಣ್ಣ. ಈ ಮಾತನ್ನು ಅವರು ಹಿಂದೆಯೂ ಹೇಳಿದ್ದರು, ಪ್ರತಿ ಸಲವೂ ಅದು ಔದಾರ್ಯವೆಂದೇ ದಾಖಲಾಗಿತ್ತು.

ಹನ್ನೊಂದನೆಯ ಹಾಳೆಯ ತಲೆಬರಹ ಹನಿಫಾರು ಎಂದಿತ್ತು. ಮಾಲ್ಡೀವ್ಸ್‌ನ ಬಾ ಅಟಾಲ್ ಎಂಬ ಹವಳದ್ವೀಪಗಳ ಬಳೆಯಲ್ಲಿರುವ ಆ ಪುಟ್ಟ ಕೊಲ್ಲಿಗೆ ನೈಋತ್ಯ ಮಾರುತದ ತಿಂಗಳುಗಳಲ್ಲಿ ಕಡಲಿನ ಉಬ್ಬರವೂ ಪ್ರವಾಹಗಳೂ ಪ್ಲವಕಗಳೆಂಬ ಅತಿಸಣ್ಣ ಜೀವಿಗಳನ್ನು ತಂದು ತುಂಬುತ್ತವೆ. ಅವನ್ನು ತಿನ್ನಲು ಮಾಂಟಾ ಎಂಬ ದೊಡ್ಡ ಚಪ್ಪಟೆ ಮೀನುಗಳು ಹಿಂಡುಹಿಂಡಾಗಿ ಬಂದು, ಬಾಯಿ ತೆರೆದುಕೊಂಡು ನೀರಿನ ಮೇಲ್ಪದರದಲ್ಲೇ ಸುತ್ತು ಹಾಕುತ್ತವೆ. ಇಡೀ ಪ್ರವಾಸದ ಶಿಖರವೇ ಇದು ಎಂದು ವಿಶ್ವ ಅದಕ್ಕೆ ಎರಡು ದಿನ ಮೀಸಲಿಟ್ಟಿದ್ದ. “ಪ್ರತಿಯೊಬ್ಬರಿಗೂ ನಾಲ್ಕು ಸಿಲಿಂಡರ್” ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ.

“ಈ ಹಾಳೆಗೂ ಎಲ್ಲರೂ ಹೆಬ್ಬೆರಳು ಎತ್ತಿದ್ದೀರಿ, ಅಲ್ಲವೇ?” ಎಂದು ಅಚ್ಯುತ ಒಬ್ಬೊಬ್ಬರ ಮುಖವನ್ನೂ ನೋಡಿದ. “ಹನಿಫಾರುವಿನಲ್ಲಿ ಸ್ಕೂಬಾ ನಿಷೇಧ. ಸಿಲಿಂಡರಿನ ಗುಳ್ಳೆಗಳೂ ಡೈವರುಗಳ ದಂಡೂ ಮಾಂಟಾಗಳಿಗೆ ಕಿರಿಕಿರಿ ಎಂದು ಅಲ್ಲಿ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಕಚ್ಚಿಕೊಂಡು ಮೇಲೆ ತೇಲುವವರನ್ನು ಮಾತ್ರ ಬಿಡುತ್ತಾರೆ. ಡೈವಿಂಗ್ ಪ್ರವಾಸದ ಶಿಖರವನ್ನೇ ಡೈವಿಂಗ್ ಮಾಡಲಾಗದ ಜಾಗದಲ್ಲಿ ವಿಶ್ವ ಇಟ್ಟಿದ್ದಾನೆ, ಅವನೂ ಸೇರಿ ನಾಲ್ಕು ಜನ ಅದಕ್ಕೆ ನಾಲ್ಕು ಹೆಬ್ಬೆರಳು ಕೊಟ್ಟಿದ್ದೀರಿ.”

ತುಸು ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ವತ್ಸಲಾ ತಾನು ಮುದ್ರಿಸಿ ತಂದಿದ್ದ ವೈದ್ಯಕೀಯ ಪ್ರಶ್ನಾವಳಿಯನ್ನು ಹಂಚಿದಳು. ಡೈವಿಂಗ್ ಕಲಿಯುವ ಮುನ್ನ ಪ್ರತಿಯೊಬ್ಬರೂ ತುಂಬಿಕೊಡಬೇಕಾದ ಆ ಕಾಗದದಲ್ಲಿ ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಗಳ ನಡುವೆ “ನನಗೆ 45 ವರ್ಷ ದಾಟಿದೆ” ಎಂಬುದೂ ಒಂದು ಸಾಲಾಗಿ ಕೂತಿತ್ತು. ಹೌದು ಎಂದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಇನ್ನಷ್ಟು ಪ್ರಶ್ನೆಗಳು ಬಾಲದಂತೆ ಬರುತ್ತವೆ.

“ನಾವು ಮೊದಲು ಈ ಪ್ರವಾಸ ಯೋಚಿಸಿದಾಗ ನಮಗೆ ಎಷ್ಟು ವಯಸ್ಸು?” ಎಂದು ರಘು ಇದ್ದಕ್ಕಿದ್ದಂತೆ ಕೇಳಿದ.

“1997. ಯಾವುದೋ ಪತ್ರಿಕೆಯ ಹಿಂಬದಿಯ ಪುಟದಲ್ಲಿ ಹವಳದ ದಿಬ್ಬದ ಚಿತ್ರ ಬಂದಿತ್ತು, ನೀನು ಅದನ್ನು ಹರಿದಿಟ್ಟುಕೊಂಡಿದ್ದೆ” ಎಂದ ಅಚ್ಯುತ. ಈ ಸಲ ಅವನ ಧ್ವನಿಯಲ್ಲಿ ಕುಟುಕು ಇರಲಿಲ್ಲ. “ಮರುವರ್ಷವೇ, 1998ರಲ್ಲಿ, ಕಡಲು ಅತಿಯಾಗಿ ಕಾದು, ಹವಳದ ಮೈಯಲ್ಲಿದ್ದು ಅದಕ್ಕೆ ಬಣ್ಣವನ್ನೂ ಅನ್ನವನ್ನೂ ಕೊಡುವ ಪಾಚಿ ಹೊರಟುಹೋಯಿತು. ಮಾಲ್ಡೀವ್ಸ್‌ನ ಆಳವಿಲ್ಲದ ನೀರಿನ ಹವಳದ ಬಹುಪಾಲು ಬೆಳ್ಳಗಾಗಿ ಸತ್ತಿತು. ರಘು ಹರಿದಿಟ್ಟುಕೊಂಡ ಚಿತ್ರ ಅಷ್ಟರಲ್ಲೇ ಹಳೆಯದಾಗಿತ್ತು. ಹವಳ ಮತ್ತೆ ನಿಧಾನವಾಗಿ ಚಿಗುರಿತು. ನಾವು ಮತ್ತೆ ಯೋಚಿಸಿದೆವು. 2010ರಲ್ಲಿ ಜಗತ್ತಿನ ಕಡಲುಗಳು ಇನ್ನೊಮ್ಮೆ ಕಾದವು. 2016ರಲ್ಲಿ ಮಾಲ್ಡೀವ್ಸ್‌ಗೆ ಮತ್ತೆ ದೊಡ್ಡ ಪೆಟ್ಟು ಬಿತ್ತು. 2024ರ ಏಪ್ರಿಲ್‌ನಲ್ಲಿ, ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿರುವುದು ಇದು ನಾಲ್ಕನೆಯ ಸಲ ಎಂದು ವಿಜ್ಞಾನಿಗಳು ಸಾರಿದರು. ನಮ್ಮ ಯೋಜನೆ ಮಾತ್ರ ಒಮ್ಮೆಯೂ ಬಣ್ಣ ಕಳೆದುಕೊಂಡಿಲ್ಲ. ವಿಶ್ವನ ಹಾಳೆಗಳಲ್ಲಿ ಇಂದಿಗೂ ಹಸಿರು, ಹಳದಿ, ಕೆಂಪು ಎಲ್ಲ ಇವೆ.”

ಸುಬ್ಬಣ್ಣ ಪ್ರಶ್ನಾವಳಿಯನ್ನು ಓದುತ್ತಲೇ ಇದ್ದರು. ಹಾಗೆ ಅವರು ಯಾವುದನ್ನಾದರೂ ಪೂರ್ತಿ ಓದಿದ್ದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಪೆನ್ನು ತೆಗೆದು, ಕಿವಿಯ ಶಸ್ತ್ರಚಿಕಿತ್ಸೆಯ ಸಾಲಿನ ಮುಂದೆ ‘ಹೌದು’ ಎಂದು ಗುರುತು ಹಾಕಿ ಕಾಗದವನ್ನು ಮೇಜಿನ ನಡುವೆ ಸರಿಸಿದರು.

“ಚಿಕ್ಕಂದಿನಲ್ಲೇ ಕಿವಿಯ ತಮಟೆಗೆ ಆಪರೇಷನ್ ಆಗಿದೆ” ಎಂದರು. “ಹತ್ತು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದಂತೆ, ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿಯನ್ನು ಸರಿದೂಗಿಸಿಕೊಳ್ಳದಿದ್ದರೆ ತಮಟೆ ಹರಿಯುತ್ತದಂತೆ. ಈಜಬಹುದು, ಆದರೆ ಆಳಕ್ಕೆ ಇಳಿಯುವ ಮಾತೇ ಬೇಡ ಎಂದು ವೈದ್ಯರು ಹೇಳಿದರು.”

“ಯಾವಾಗ ಹೇಳಿದರು?” ಎಂದು ವತ್ಸಲಾ ಕೇಳಿದಳು.

“ರಘು ಆ ಚಿತ್ರವನ್ನು ತಂದ ವಾರ ಹೋಗಿ ಕೇಳಿದ್ದೆ.”

ವಿಶ್ವ ತೆರೆದ ಬಾಯಿ ಮುಚ್ಚದೆ ಅವರನ್ನೇ ನೋಡಿದ. “ಹಾಗಿದ್ದರೆ ಇಷ್ಟು ವರ್ಷ ಪ್ರತಿಯೊಂದಕ್ಕೂ ಮೊದಲು ಹೆಬ್ಬೆರಳೆತ್ತಿದವರು ನೀವು!”

“ಬೇಡ ಎಂದಿದ್ದರೆ ನೀವು ಬೇರೆ ಯಾವುದಾದರೂ ಬೆಟ್ಟದ ಪ್ರವಾಸ ಯೋಚಿಸುತ್ತಿದ್ದಿರಿ. ಬೆಟ್ಟದ ಪ್ರವಾಸ ಒಂದೇ ವಾರದಲ್ಲಿ ಮುಗಿದುಹೋಗುತ್ತದೆ. ಇದಾದರೆ ಹೀಗೆ ಆಗಾಗ ಸೇರಿ ಕೂರುವುದಕ್ಕೆ ಆಗುತ್ತಿತ್ತು.”

ಅಚ್ಯುತನ ಬಳಿ ಮಾತಿರಲಿಲ್ಲ. ಹಾಗಾದದ್ದು ಆ ಸಂಜೆ ಅದೇ ಮೊದಲು. ಅವನು ವಿಶ್ವನ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹನ್ನೊಂದನೆಯ ಹಾಳೆಯೊಂದನ್ನು ಬಿಟ್ಟು ಉಳಿದ ಹದಿಮೂರನ್ನೂ ಒಂದೊಂದಾಗಿ ಅಳಿಸಿದ. ಉಳಿದದ್ದರಲ್ಲಿ “ಪ್ರತಿಯೊಬ್ಬರಿಗೂ ನಾಲ್ಕು ಸಿಲಿಂಡರ್” ಎಂಬ ಸಾಲನ್ನು ಹೊಡೆದುಹಾಕಿ, “ಪ್ರತಿಯೊಬ್ಬರಿಗೂ ಒಂದು ಸ್ನಾರ್ಕೆಲ್” ಎಂದು ಬರೆದ. ನೀರಿನ ಮೇಲೆ ತೇಲುವವರಿಗೆ ಒತ್ತಡವೂ ಇಲ್ಲ, ಸಾರಜನಕವೂ ಇಲ್ಲ, ಆಡುಗಳ ಕೋಷ್ಟಕವೂ ಬೇಡ. ರಘುವಿನ ಕೆಂಪು ಕೂಡ ಅಲ್ಲಿ ಕೆಂಪಾಗಿಯೇ ಉಳಿಯುತ್ತದೆ.

“ಚಪ್ಪಲಿಗಳನ್ನು ನೋಡಿಕೊಳ್ಳುವವರು?” ಎಂದು ಸುಬ್ಬಣ್ಣ ಮೆಲ್ಲಗೆ ಕೇಳಿದರು.

“ಹೋದರೆ ಹೋಗಲಿ ಬಿಡಿ.”

ಆ ರಾತ್ರಿ ವಿಶ್ವ ಗುಂಪಿಗೆ ಒಂದೇ ಸಾಲು ಬರೆದ: ಸೆಪ್ಟೆಂಬರ್, ಹನಿಫಾರು, ಐವರು. ವತ್ಸಲಾ ಉಂಗುರ ಮಾಡಿದ ಬೆರಳುಗಳ ಚಿತ್ರ ಕಳುಹಿಸಿದಳು, ರಘು ಅದನ್ನೇ ಹುಡುಕಿ ಕಳುಹಿಸಿದ. ಎಲ್ಲರಿಗಿಂತ ಕೊನೆಯಲ್ಲಿ, ಅಭ್ಯಾಸಬಲದಿಂದ, ಸುಬ್ಬಣ್ಣನವರ ಹೆಬ್ಬೆರಳು ಎದ್ದುನಿಂತಿತು. “ಕ್ಷಮಿಸಿ, ತಪ್ಪಾಯಿತು” ಎಂದು ಅವರು ಕೂಡಲೇ ಬರೆದರು.

ಅಚ್ಯುತನ ಉತ್ತರ ಬಂತು: “ತಪ್ಪೇನಿಲ್ಲ ಸುಬ್ಬಣ್ಣ. ಮೇಲೆಯೇ ಇರುವವರಿಗೆ ಮೇಲೆ ಬನ್ನಿ ಎಂದರೆ ಅದು ಒಪ್ಪಿಗೆಯೇ.”