ನ್ಯಾಸ್, ಉಗ್ರಾಣ, ಹಗೇವು: ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಯಾಕೆ ಬೇಕು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ.

ಮನೆಯ ಕಂಪ್ಯೂಟರಿನ 1 ಟಿಬಿ ಡಿಸ್ಕು ತುಂಬಿ ತುಳುಕುತ್ತಿತ್ತು. ಮೂರು ಫೋನಿನ ಫೋಟೋ, ಅಪ್ಪ ಸ್ಕ್ಯಾನ್ ಮಾಡಿಸಿದ ಹೊಲದ ಕಾಗದಪತ್ರ, ಮಗಳ ಶಾಲೆಯ ವಿಡಿಯೋ, ಎಲ್ಲ ಅದರಲ್ಲೇ. ಕೊನೆಗೆ ಎರಡು ಡಿಸ್ಕು ಹಿಡಿಸುವ ನ್ಯಾಸ್ ಪೆಟ್ಟಿಗೆ, ಅಂದರೆ ಮನೆಯ ಎಲ್ಲ ಫೋನು ಕಂಪ್ಯೂಟರುಗಳು ನೆಟ್‌ವರ್ಕಿನ ಮೂಲಕ ಫೈಲು ಇಡುವ, ತೆಗೆಯುವ ಪೆಟ್ಟಿಗೆ, ತಂದು ರೂಟರ್ ಪಕ್ಕ ಇಟ್ಟೆ. ನಾನು ಊರಲ್ಲಿ ಇಲ್ಲದಾಗಲೂ ಮನೆಯವರು ಬಳಸಬೇಕಲ್ಲ, ಅದಕ್ಕೆ ಎರಡು ಪುಟದ ಟಿಪ್ಪಣಿ ಬರೆಯಲು ಕೂತೆ. ಓದುವವರು ಅಪ್ಪ, ಹಾಗಾಗಿ ಕನ್ನಡದಲ್ಲೇ ಆಗಬೇಕು. ಮೊದಲ ಸಾಲಿಗೇ ಪೆನ್ನು ನಿಂತಿತು. ಈ ಪೆಟ್ಟಿಗೆಯನ್ನು ಏನೆನ್ನಲಿ?

ನನ್ನ ಫೋನಿನಲ್ಲಿ ಸ್ಟೋರೇಜ್‌ಗೆ ‘ಸಂಗ್ರಹಣೆ’ ಅಂತಿದೆ. ತಪ್ಪೇನಲ್ಲ. ಆದರೆ ನನಗೆ ಅದು ಮಾಡುವ ಕೆಲಸದ ಹೆಸರಾಗಿ ಕೇಳಿಸುತ್ತೆ, ಇಡುವ ಜಾಗದ ಹೆಸರಾಗಿ ಅಲ್ಲ. ‘ಜಾಲ ಸಂಗ್ರಹಣೆ’ ಅಂದರಂತೂ ಮೀನುಗಾರರ ಸಂಘದ ಗೋದಾಮು ನೆನಪಾಗುತ್ತೆ. ಇಡುವ ಜಾಗಕ್ಕೆ ನಮ್ಮಲ್ಲಿ ಪದಗಳಿಗೆ ಬರವೇ? ಕಣಜ, ವಾಡೆ, ಪತ್ತಾಯ, ಉಗ್ರಾಣ. ‘ಕಣಜ’ ಈಗಾಗಲೇ ಕನ್ನಡದ ಜ್ಞಾನಕೋಶ ಜಾಲತಾಣದ ಹೆಸರು. ಅಪ್ಪನಿಗೆ ಪೆಟ್ಟಿಗೆ ತೋರಿಸಿ ವಿವರಿಸಿದಾಗ ಅವರು ತಕ್ಷಣ ಅಂದದ್ದು, “ಅಂದ್ರ ಹಗೇವು ಇದ್ದಂಗ ಅಲ್ಲೇನು?” ಹಾವೇರಿ ಕಡೆಯವರು, ನೆಲದೊಳಗೆ ಜೋಳ ತುಂಬುವ ಗುಂಡಿ ನೋಡಿ ಬೆಳೆದವರು.

ಒಪ್ಪಲು ಮನಸ್ಸಾಯಿತು, ಆದರೆ ಹೊಂದಲಿಲ್ಲ. ಹಗೇವನ್ನು ದಿನಾ ತೆಗೆಯುವುದಿಲ್ಲ. ತೆಗೆದರೂ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಇಳಿಯುವ ಹಾಗಿಲ್ಲ. ಮುಚ್ಚಿಟ್ಟು ಮರೆಯುವ ಜಾಗ ಅದು. ನ್ಯಾಸ್ ಹಾಗಲ್ಲ, ನಾಲ್ಕೂ ಕೋಣೆಯಿಂದ ಒಟ್ಟಿಗೆ ಕೈ ಹಾಕುವ ಜಾಗ. ಮದುವೆ ಮನೆಯ ಉಗ್ರಾಣ ನೆನಪಿಸಿಕೊಳ್ಳಿ. ಅಡುಗೆಯವರು, ಬಡಿಸುವವರು, ಹೆಣ್ಣಿನ ಕಡೆಯವರು, ಎಲ್ಲರೂ ಅದೇ ಬಾಗಿಲಿಗೆ ಬರುತ್ತಾರೆ. ಬೀಗದ ಕೈ ಮಾತ್ರ ಒಬ್ಬ ಚಿಕ್ಕಪ್ಪನ ಸೊಂಟದಲ್ಲಿ. ಸಕ್ಕರೆ ಯಾರಿಗೆ ಕೊಡಬೇಕು, ಗೋಡಂಬಿ ಯಾರಿಗೆ ಕೊಡಬಾರದು, ಅವನಿಗೆ ಗೊತ್ತು. ನ್ಯಾಸ್‌ನಲ್ಲೂ ಅಷ್ಟೇ: ಮಗಳಿಗೆ ಫೋಟೋ ನೋಡಲು ಬಿಡಬಹುದು, ಅಳಿಸಲು ಬಿಡದಿರಬಹುದು. ನನ್ನ ಓಟು ‘ಮನೆ ಉಗ್ರಾಣ’ಕ್ಕೆ. ಬೇರೆ ಮಾತಿದ್ದರೆ ಹೇಳಿ.

ನಡುವೆ ಒಂದು ತಮಾಷೆ. ನ್ಯಾಸ್ ಅನ್ನುವುದು ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’ ಅನ್ನುವುದರ ಮೊದಲಕ್ಷರಗಳು, ಅಷ್ಟೇ. ಆದರೆ ಸಂಸ್ಕೃತದ ‘ನ್ಯಾಸ’ಕ್ಕೂ ಇಡುವುದು, ಕಾಪಾಡಲು ಕೊಟ್ಟ ಒಡವೆ, ಅಡ ಅನ್ನುವ ಅರ್ಥಗಳಿವೆ! ಸಂಗೀತದವರಿಗೆ ನ್ಯಾಸ ಸ್ವರ, ಅಂದರೆ ಹಾಡಿನ ಸಾಲು ಬಂದು ನಿಲ್ಲುವ ಸ್ವರ, ಗೊತ್ತು. ಸಂನ್ಯಾಸದಲ್ಲಿರುವುದೂ ಅದೇ ನ್ಯಾಸ, ಎಲ್ಲವನ್ನೂ ಕೆಳಗಿಟ್ಟುಬಿಡುವುದು. ನನ್ನ ನ್ಯಾಸ್ ಇರುವುದು ಏನನ್ನೂ ಬಿಡಲಾರದವರಿಗೆ. ಎರಡಕ್ಕೂ ನಂಟಿಲ್ಲ, ಸುಮ್ನೆ ಕಾಕತಾಳೀಯ. ಆದರೂ ನಾಳೆ ಯಾರಾದರೂ ಇದು ವೇದದಲ್ಲೇ ಇತ್ತು ಅಂತ ವಾಟ್ಸಾಪ್ ಮಾಡಿದರೆ ನನ್ನನ್ನು ಬೈಯಬೇಡಿ.

ಡಿಸ್ಕು ಆರಿಸುವಾಗ ಒಂದು ಪದ ನಿಜಕ್ಕೂ ಕೆಲಸಕ್ಕೆ ಬಂತು. ಕೆಲವು ಡಿಸ್ಕುಗಳಲ್ಲಿ ಬರಹದ ಪಟ್ಟಿಗಳು ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಇಂಗ್ಲಿಷಿನವರು ಅದನ್ನು ‘ಶಿಂಗಲ್ಡ್’ ಅನ್ನುತ್ತಾರೆ. ಇದಕ್ಕೆ ‘ಹೆಂಚು ಹೊದಿಕೆ’ ಅಂದರೆ ಬೇರೆ ವಿವರಣೆಯೇ ಬೇಡ. ನಡುವಿನ ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹೆಂಚನ್ನೂ ಎತ್ತಬೇಕು, ಅಲ್ವಾ? ಇಲ್ಲೂ ಹಾಗೇ. ಒಂದು ಪಟ್ಟಿ ತಿದ್ದಿದರೆ ಅದಕ್ಕೆ ತಾಗಿದ ಮುಂದಿನವನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕು ಕೆಟ್ಟು ಹೊಸದಕ್ಕೆ ಎಲ್ಲವನ್ನೂ ತುಂಬುವಾಗ ಇಂಥವು ತೀರಾ ನಿಧಾನ. ನಾನು ಹೆಂಚಿನವು ಬೇಡ ಅಂತ ಕೇಳಿ ತಂದೆ. ಅಂಗಡಿಯವನು ನನ್ನನ್ನೇ ಒಂದು ಸಲ ನೋಡಿದ.

4 ಟಿಬಿಯ ಎರಡು ಡಿಸ್ಕು ಹಾಕಿದೆ. ಕಂಪ್ಯೂಟರಿನಲ್ಲಿ ತೋರಿಸಿದ್ದು 3.63. ಒಂದು ಡಿಸ್ಕು ಇನ್ನೊಂದರ ಪಡಿಯಚ್ಚು, ಹಾಗಾಗಿ ದುಡ್ಡು ಎಂಟಕ್ಕೆ, ಜಾಗ ನಾಲ್ಕಕ್ಕೆ. ಉಳಿದ ಕೊರತೆ ಅಳತೆಯದು: ಕೆಬಿಯಿಂದ ಟಿಬಿವರೆಗೆ ಪ್ರತಿ ಮೆಟ್ಟಿಲಿಗೂ ತಯಾರಿಸುವವರು 1000ದಂತೆ ಎಣಿಸುತ್ತಾರೆ, ವಿಂಡೋಸ್ 1024ರಂತೆ. ಅಂಗಡಿಯ ಸೇರೇ ಬೇರೆ, ಮನೆಯ ಸೇರೇ ಬೇರೆ.

ಹೀಗೆ ಡಿಸ್ಕುಗಳನ್ನು ಜೋಡಿಸುವುದಕ್ಕೆ ‘ರೇಡ್’ ಅಂತ ಹೆಸರು. 1988ರಲ್ಲಿ ಬರ್ಕಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಪ್ರಬಂಧದಿಂದ ಬಂದದ್ದು. ಇದೂ ಮೊದಲಕ್ಷರಗಳ ಹೆಸರೇ; ಅದರ ‘ಐ’ ಅಕ್ಷರಕ್ಕೆ ಆಗ ‘ಅಗ್ಗದ’ (ಇನೆಕ್ಸ್‌ಪೆನ್ಸಿವ್) ಅನ್ನುವ ಅರ್ಥವಿತ್ತು, ಆಮೇಲೆ ಅದು ‘ಸ್ವತಂತ್ರ’ (ಇಂಡಿಪೆಂಡೆಂಟ್) ಆಯಿತು. ನಾನು ಫೋನಿನಲ್ಲಿ ಯಾರಿಗೋ “ಮನೇಲಿ ರೇಡ್ ಮಾಡಿದೀನಿ” ಅಂದದ್ದು ಕೇಳಿ ಅಪ್ಪ ಬಾಗಿಲ ಕಡೆ ನೋಡಿದರು. ಪೇಪರಿನಲ್ಲಿ ದಿನಾ ಓದುವ ರೇಡ್ ಬೇರೆಯೇ ತಾನೆ. ನಮ್ಮ ಟಿಪ್ಪಣಿಯಲ್ಲಿ ಇದು ‘ಕನ್ನಡಿ ಜೋಡಿ’.

ಆ ‘ಕನ್ನಡಿ’ ಪದ ಮೊದಲೇ ಹೊಳೆದಿದ್ದರೆ ಒಂದು ಎಡವಟ್ಟು ತಪ್ಪುತ್ತಿತ್ತು. ನಾನು ಮನೆಯವರಿಗೆಲ್ಲ “ಇದರಲ್ಲಿ ಬ್ಯಾಕಪ್ ಇದೆ, ಹೆದರಬೇಡಿ” ಅಂದುಬಿಟ್ಟಿದ್ದೆ. ಒಂದು ಭಾನುವಾರ ಕಸ ಗುಡಿಸುವ ಹುಮ್ಮಸ್ಸಿನಲ್ಲಿ ನಾನೇ ಮಗಳ ನಾಮಕರಣದ ಫೋಲ್ಡರ್ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಹುಡುಕಿದೆ. ಇಲ್ಲ. ನೆಟ್‌ವರ್ಕಿನ ಆಚೆಯಿಂದ ಅಳಿಸಿದ್ದು ಅಲ್ಲಿಗೆ ಬರುವುದೇ ಇಲ್ಲ. ಪೆಟ್ಟಿಗೆಯದೇ ಬುಟ್ಟಿಯನ್ನು ನಾನು ಚಾಲೂ ಮಾಡಿರಲಿಲ್ಲ. ಎರಡನೇ ಡಿಸ್ಕು? ಅದು ಕನ್ನಡಿ. ಈ ಕಡೆ ಕುಂಕುಮ ಅಳಿಸಿದರೆ ಆ ಕಡೆಯೂ ಅಳಿಸುತ್ತೆ. ಅಕ್ಕನ ಹಳೇ ಫೋನಿನಲ್ಲಿ ಅರ್ಧ ಫೋಟೋ ಸಿಕ್ಕವು. ಉಳಿದರ್ಧ ಹೋಯಿತು.

ಹಾಗಾಗಿ ಟಿಪ್ಪಣಿಯಲ್ಲಿ ಈ ಎರಡನ್ನು ಬೇರೆ ಬೇರೆ ಪದದಲ್ಲೇ ಹೇಳಬೇಕು. ಡಿಸ್ಕು ಕೆಟ್ಟರೆ ಕಾಯುವುದು ಕನ್ನಡಿ. ಕೈ ತಪ್ಪಿದರೆ, ಕಳ್ಳ ಬಂದರೆ, ಬೆಂಕಿ ಬಿದ್ದರೆ ಕಾಯುವ, ಬೇರೆ ಕಡೆ ಎತ್ತಿಟ್ಟ ಪ್ರತಿಗೆ ಏನೆನ್ನಬೇಕು? ‘ಬ್ಯಾಕಪ್’ ಎಲ್ಲರಿಗೂ ಗೊತ್ತು, ಆದರೆ ನಮ್ಮನೆಯಲ್ಲಿ ಆ ಪದದ ಮೇಲೆ ನಂಬಿಕೆ ಹೋಗಿದೆ. ‘ಮರುಪ್ರತಿ’ ಜೆರಾಕ್ಸ್ ಅಂಗಡಿಯ ಹಾಗಿದೆ. ಅಪ್ಪನನ್ನೇ ಕೇಳಿದೆ, ಹಗೇವಿಗೆ ನೀರು ಹೊಕ್ಕರೆ ಏನು ಮಾಡುತ್ತಿದ್ದಿರಿ ಅಂತ.

“ಜ್ವಾಳ ಹೋಕ್ಕಿತ್ತು. ಬೀಜ ಇರ್ತಿತ್ತಲ್ಲ.”

“ಬೀಜ ಅದರಲ್ಲೇ ಇರಲಿಲ್ವಾ?”

“ಬೀಜದ ತೆನಿ ಯಾರರ ಹಗೇವಿಗೆ ಹಾಕ್ತಾರೇನೋ ತಮ್ಮಾ? ಜಂತಿಗೆ ಕಟ್ಟತಾರ.”

ಒಳ್ಳೆಯ ತೆನೆ ಆರಿಸಿ, ಕಟ್ಟಿ, ಮನೆಯೊಳಗೆ ಮೇಲೆ ತೂಗುಹಾಕುತ್ತಿದ್ದರಂತೆ. ಹಸಿವಾದರೂ ಅದನ್ನು ಮುಟ್ಟುತ್ತಿರಲಿಲ್ಲವಂತೆ. ನನಗೆ ಬೇಕಾದ ಪದ ಇಲ್ಲೇ ಎಲ್ಲೋ ಇದೆ. ‘ಬೀಜಪ್ರತಿ’ ಅಂತ ಬರೆದು ನೋಡಿದೆ. ಸ್ವಲ್ಪ ಪುಸ್ತಕದ ವಾಸನೆ ಬರುತ್ತೆ, ಬರೀ ‘ಬೀಜ’ ಅಂದರೆ ಅರ್ಥವಾಗದು.

ಹೀಗೆ ಬಿತ್ತನೆಗೆ ಅಂತ ಬೇರೆ ಎತ್ತಿಟ್ಟ ಕಾಳಿಗೆ, ತೆನೆಗೆ, ನಿಮ್ಮ ಕಡೆ ಒಂದೇ ಪದದ ಹೆಸರಿದೆಯೇ? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಿತ್ತನೆಯ ಭತ್ತಕ್ಕೆ ಏನನ್ನುತ್ತಾರೆ? ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಡುವ ತರಕಾರಿ ಬೀಜಕ್ಕೆ? ಮನೆಯ ಹಿರಿಯರನ್ನು ಕೇಳಿ, ಅವರು ಅಂದ ಹಾಗೇ ಬರೆದು ಕಳಿಸಿ. ಟಿಪ್ಪಣಿಯ ಎರಡನೇ ಪುಟದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.