ಅಡುಗೆಗೆ ಗ್ಯಾಸ್, ಸ್ನಾನದ ನೀರಿಗೆ ಮಟ್ಟೆ: ಬಾಣಂತಿ ಕೋಣೆಗೆ ಹೊಗೆ ನುಗ್ತಿದೆ, ಏನ್ ಮಾಡ್ಲಿ?

ತವರಿಗೆ ಬಂದವಳು:
ಏಳು ತುಂಬಿ ಎಂಟರಲ್ಲಿ ಬಿದ್ದಿದೆ. ಸೀಮಂತ ಮುಗಿಸಿಕೊಂಡು ತುರುವೇಕೆರೆ ಹತ್ತಿರದ ತವರಿಗೆ ಬಂದಿದ್ದೀನಿ. ಆಶಾ ಅಕ್ಕ ಬಂದವರು ಯಾವ ಒಲೆ ಅಂತ ಕೇಳಿ, 'ಗ್ಯಾಸ್' ಅಂತ ಬರ್ಕೊಂಡು ಹೋದರು. ಅಡುಗೆಗೇನೋ ಗ್ಯಾಸೇ. ಬಚ್ಚಲಲ್ಲಿ ಮಾತ್ರ ತಾಮ್ರದ ಹಂಡೆ. ತೋಟದ ಮಟ್ಟೆ, ಚಿಪ್ಪು ರಾಶಿ ಬಿದ್ದಿರುವಾಗ ಕರೆಂಟಿಗೆ ಯಾಕೆ ದುಡ್ಡು ಸುರೀಬೇಕು ಅಂತಾರೆ ಅಪ್ಪ. ಬೆಳಗಿನ ಜಾವ ಅಮ್ಮ ಉರಿ ಹಚ್ಚಿದರೆ ಹಸಿ ಮಟ್ಟೆ ಹೊಗೆ ಪಕ್ಕದ ಕೋಣೆಗೆ ಬರುತ್ತೆ. ಅದೇ ನನ್ನ ಬಾಣಂತಿ ಕೋಣೆ! ಇರೋ ಒಂದೇ ಕಿಟಕಿಗೆ ಅಜ್ಜಿ ಈಗಲೇ ಗೋಣಿಚೀಲ ಹೊಡೆಸಿದ್ದಾಳೆ, ಗಾಳಿ ತಾಕಬಾರದಂತೆ. ಮಗು ತಲೆಗೆ ಹಾಕೋಕೆ ಸಂತೆಯಿಂದ ಕಾಲು ಕೆಜಿ ಸಾಂಬ್ರಾಣಿಯೂ ಬಂದಾಗಿದೆ. ಮೊನ್ನೆ ಮಂಚದ ಪಕ್ಕದ ಗೋಡೆ ಒರೆಸಿದರೆ ಬಿಳಿ ಬಟ್ಟೆ ಕರೀ ಆಯ್ತು. ನಾನು ಸುಮ್ಮನೆ ಹೆದರ್ತಿದ್ದೀನಾ?

ಕೊಬ್ಬರಿ ಮಂಡಿ, ತಿಪಟೂರು:
ಸುಮ್ಮನೇ ಹೆದರ್ತಿದ್ದೀಯಮ್ಮ. ನಮ್ಮವ್ವ ಹೊಗೇಲೇ ಆರು ಹೆತ್ತಳು. ಬಸುರಿಯರಿಗೆ ಬಿಟ್ಟಿ ಗ್ಯಾಸ್ ಕೊಟ್ಟು ನೋಡಿದರೂ ಮಕ್ಕಳ ತೂಕ ಹೆಚ್ಚಲಿಲ್ಲ ಅಂತ ಪೇಪರಲ್ಲೇ ಬಂದಿತ್ತಲ್ಲ.

ಹೊಗೆಗಣ್ಣಿ:
ನಾನು ಕುಣಿಗಲ್ ಕಡೆಯವಳು, ಅಡುಗೆಮನೆ ಹೊಗೆ ಅಳೆಯೋದೇ ನನ್ನ ಕೆಲಸ. ಮಂಡಿಯವರು ಹೇಳಿದ್ದು ಸುಳ್ಳಲ್ಲ. ಅದು ಹ್ಯಾಪಿನ್ ಅಧ್ಯಯನ, ಫಲಿತಾಂಶ ಬಂದಿದ್ದು 2022ರಲ್ಲಿ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಗಳ ಸುಮಾರು 3,200 ಬಸುರಿಯರು, ಅರ್ಧ ಜನಕ್ಕೆ ಗ್ಯಾಸ್ ಕೊಟ್ಟರು, ಉಳಿದವರು ಸೌದೆ ಒಲೆಯಲ್ಲೇ. ಸೌದೆ ಒಲೆಯವರ ಉಸಿರಿಗೆ ಸಿಗೋ ಹೊಗೆಯ ಸಣ್ಣ ಕಣ ಘನ ಮೀಟರಿಗೆ 70 ಮೈಕ್ರೋಗ್ರಾಂ ಆಸುಪಾಸು, ಗ್ಯಾಸಿನವರಿಗೆ 24. ಹುಟ್ಟಿದ ಮಗುವಿನ ಸರಾಸರಿ ತೂಕ ಮಾತ್ರ ಸೌದೆಯವರದು 2,898 ಗ್ರಾಂ, ಗ್ಯಾಸಿನವರದು 2,921 ಗ್ರಾಂ. ಆ ವ್ಯತ್ಯಾಸ ಲೆಕ್ಕಕ್ಕೆ ಬರೋದಲ್ಲ. ನಮ್ಮಂಥವರಿಗೆಲ್ಲ ಮುಖಕ್ಕೆ ಹೊಡೆದ ಹಾಗಾಗಿತ್ತು.

ಆದರೆ ಆ ಗ್ಯಾಸ್ ಅವರ ಮನೆ ಸೇರಿದ್ದೇ ಬಸುರಿಯಾಗಿ ಒಂಬತ್ತು ವಾರ ಕಳೆದ ಮೇಲೆ, ಕೆಲವರಿಗೆ ಇಪ್ಪತ್ತರ ಹತ್ತಿರ. 24 ಅನ್ನೋದೂ ಶುದ್ಧ ಗಾಳಿಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಹೇಳೋ ವರ್ಷದ ಮಿತಿ 5. ತಮಿಳುನಾಡಲ್ಲೇ ಸಂಶೋಧಕಿ ಕಲ್ಪನಾ ಬಾಲಕೃಷ್ಣನ್ ತಂಡ 2018ರಲ್ಲಿ ಬರೆದದ್ದು ಬೇರೆ ಕಥೆ: ಕಣ 10 ಮೈಕ್ರೋಗ್ರಾಂ ಏರಿದ ಹಾಗೆ ತೂಕ ಸುಮಾರು 4 ಗ್ರಾಂ ಇಳಿಯುತ್ತೆ. ತೂಕ ಒಂದನ್ನೇ ಹಿಡ್ಕೊಂಡು ಹೊಗೆಗೆ ಕ್ಲೀನ್ ಚಿಟ್ ಕೊಡೋಕಾಗಲ್ಲ. ಹೊಗೆಯ ಜೊತೆ ಬರೋ ಕಾರ್ಬನ್ ಮೊನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ಕೊಳ್ಳುತ್ತೆ. ರಕ್ತ ಕಡಿಮೆ ಇರೋ ಬಸುರಿಗೆ ಅದು ಇನ್ನೂ ಕಷ್ಟ.

ತಂಗೀ, 'ಗ್ಯಾಸ್' ಅಂತ ಬರೆದಿರೋ ಮನೆಗಳಲ್ಲೇ ನಾನು ಮೀಟರು ಇಟ್ಟು ನೋಡ್ತೀನಿ. ಅಡುಗೆ ಹೊತ್ತಲ್ಲಿ ಗೆರೆ ತಣ್ಣಗೆ ಮಲಗಿರುತ್ತೆ, ಬೆಳಗ್ಗೆ ಆರಕ್ಕೆ ಎದ್ದು ನಿಲ್ಲುತ್ತೆ. ನೀರೊಲೆ! ನಮ್ಮ ಫಾರಂಗಳಲ್ಲಿ ಅದಕ್ಕೊಂದು ಕಾಲಮ್ಮೇ ಇರ್ತಿರಲಿಲ್ಲ.

ಮೊದಲು ಆ ಗೋಣಿಚೀಲ ತೆಗೆಸು. ಒಲೆ ಬಾಯಿ ಹಿತ್ತಲ ಕಡೆಗೆ ತಿರುಗಿಸಿದರೆ ಹಂಡೆ ಒಳಗೇ ಇರಲಿ, ಉರಿ ಹಾಕೋದು ಹೊರಗಿಂದ. ಮಟ್ಟೆ ಚೆನ್ನಾಗಿ ಒಣಗಿರಲಿ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಕೆಂಡ ಬೇಡವೇ ಬೇಡ, ಮಗು ತಲೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗ್ಯಾಸ್ ಗೀಸರ್ ತಂದು ಗಾಳಿಯಿಲ್ಲದ ಬಚ್ಚಲಲ್ಲಿ ಇಟ್ಟೀರಾ ಮತ್ತೆ, ಅದು ಇನ್ನೂ ಅಪಾಯ.

ಅಂದಹಾಗೆ ಮಂಡಿಯವರೇ, ಆರು ಹೆತ್ತರು ಅಂದಿರಿ. ಉಳಿದದ್ದೆಷ್ಟು?

ಕೊಬ್ಬರಿ ಮಂಡಿ, ತಿಪಟೂರು:
ನಾಲ್ಕು. ಅದಕ್ಕೆ ಹೊಗೆಯೇ ಕಾರಣ ಅಂತ ನೀವೂ ಹೇಳೋಕಾಗಲ್ಲ ಮೇಡಂ.

ಹೊಗೆಗಣ್ಣಿ:
ಆಗಲ್ಲ, ನಿಜ.

ತವರಿಗೆ ಬಂದವಳು:
ಅಪ್ಪ ಗೋಡೆ ಒಡೆಯೋಕೆ ಒಪ್ಪಿದ್ದಾರೆ. ಅಸ್ತ್ರ ಒಲೆ ಹಾಗೆ ಹೊಗೆ ಪೈಪ್ ಇಟ್ಟರೆ ಹೇಗೆ ಅಂತಾರೆ.

ಹೊಗೆಗಣ್ಣಿ:
ಇಡಿ, ಹೆಂಚಿಗಿಂತ ಮೇಲಕ್ಕೆ ಹೋಗಬೇಕು. ಆ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಹಳ್ಳಿಗಳಿಗೆ ತಂತ್ರಜ್ಞಾನ ತಲುಪಿಸೋಕೆ ಅಲ್ಲಿನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ'ದವರು ನಮ್ಮ ತಾಲ್ಲೂಕಿನ ಉಂಗ್ರದಲ್ಲೇ ಕೇಂದ್ರ ಇಟ್ಟಿದ್ದರು. ನಮ್ಮಮ್ಮನ ಹತ್ತಿರವೂ ಒಂದಿತ್ತು, ಮೂರು ಕಣ್ಣಿನದು. ಪೈಪ್ ಒಳಗಿನ ಮಸಿ ಯಾರೂ ಕೆರೆಯದೆ ಕೊನೆಗೆ ಹೊಗೆಯೆಲ್ಲ ಅಡುಗೆಮನೆಗೇ ವಾಪಸ್. ತಿಂಗಳಿಗೊಮ್ಮೆ ಕೋಲು ಹಾಕಿ ಕೆರೆಸು. ಅಜ್ಜಿ ಏನಂದ್ರು?

ತವರಿಗೆ ಬಂದವಳು:
ಗೋಣಿಚೀಲ ತೆಗೆದರು. ಸಾಂಬ್ರಾಣಿ ದೇವರ ಮನೆ ಗೂಡಿಗೆ ಹೋಗಿದೆ, ಸದ್ಯಕ್ಕೆ.